ಇನ್ನೊಂದ್ಸಲ

ಕಾರು ಮೇಜಿನ ಮೇಲೆ ಚಕ್ರ ಮೇಲಾಗಿ ಮಲಗಿತ್ತು. ಆಟದ ಕಾರು ಅಂದರೆ ಆಟದ ಕಾರೇ, ಆದರೆ ಅಂಗೈ ಮೇಲಿಟ್ಟು ನೋಡುವಂಥದ್ದು ಅಂದುಕೊಂಡವರು ಮೋಸಹೋಗುತ್ತಾರೆ. ತೊಟ್ಟಿಲಿನಷ್ಟು ಉದ್ದ, ಎತ್ತಲು ಹೋದರೆ ಖಾಲಿ ಗ್ಯಾಸ್ ಸಿಲಿಂಡರಿನಷ್ಟು ಭಾರ, ಬೆನ್ನ ಮೇಲೆ ಮರ ಕೊಯ್ಯುವ ಗರಗಸದ ಜಾತಿಯದೇ ಒಂದು ಪೆಟ್ರೋಲ್ ಎಂಜಿನ್ನು. ನೇರ ದಾರಿ ಸಿಕ್ಕರೆ ಬೈಕಿನವರನ್ನೂ ಹಿಂದೆ ಹಾಕುತ್ತದೆ. ಅವನು ಒಂದೊಂದೇ ತಿರುಪನ್ನು ಬಿಚ್ಚಿ, ಸಡಿಲಾಗದಂತೆ ಅದರ ಗೀರುಗಳಿಗೆ ನೀಲಿ ಅಂಟಿನ ಹನಿ ಮುಟ್ಟಿಸಿ, ಮತ್ತೆ ಕೂರಿಸಿ, ಕೈ ಬಿಗಿ ಸಾಕು ಅನ್ನಿಸಿದ ಮೇಲೂ ಚೂರು ತಿರುಗಿಸಿ, ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಗೋಡೆಯ ಕಪಾಟಿನಲ್ಲಿ ಸಾಲಾಗಿ ಕೂತ ಪ್ಲಾಸ್ಟರ್ ದವಡೆಗಳು ಬಾಯಿ ಬಿಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದವು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವನ ಕಸುಬು. ಮನೆಯ ಹಿಂಬದಿಯ ಈ ಕೋಣೆಯಲ್ಲಿ ವಾರವಿಡೀ ಹಲ್ಲು, ರಜೆಯ ದಿನ ಕಾರು. ಎರಡಕ್ಕೂ ಒಂದೇ ಮೇಜು, ಒಂದೇ ದೀಪ, ಒಂದೇ ಕನ್ನಡಕ. ಹಲ್ಲಿನ ಕೆಲಸದಲ್ಲಿ ತಪ್ಪಾದರೆ ಡಾಕ್ಟರು ವಾಪಸ್ಸು ಕಳಿಸುತ್ತಾರೆ, ಮುದುಕರೊಬ್ಬರು ಇನ್ನೆರಡು ದಿನ ಗಂಜಿ ಕುಡಿಯುತ್ತಾರೆ, ಅಲ್ಲಿಗೆ ಮುಗಿಯಿತು. ಕಾರಿನದು ಹಾಗಲ್ಲ. ಅದರೊಳಗೆ ಯಾರೂ ಕೂತಿರುವುದಿಲ್ಲ. ದೂರದಲ್ಲಿ ಅಟ್ಟಣಿಗೆಯ ಮೇಲೆ ನಿಂತ ಒಬ್ಬನ ಕೈಯ ರಿಮೋಟು, ನಡುವೆ ಬರೀ ಗಾಳಿ. ಗಾಳಿಯನ್ನು ತಿರುಪಿನಿಂದ ಬಿಗಿಮಾಡಲು ಆಗುವುದಿಲ್ಲ ಎನ್ನುವುದು ಮೊದಲ ದಿನದಿಂದಲೂ ಅವನ ಹೊಟ್ಟೆಯಲ್ಲಿ ಕೂತಿದ್ದ ಹೆದರಿಕೆ.

ಅದಕ್ಕಾಗಿಯೇ ಕಾರಿನೊಳಗಿನ ಪುಟ್ಟ ಪೆಟ್ಟಿಗೆಗೆ ಒಂದು ಪಾಠ ಕಲಿಸಿಡುತ್ತಾರೆ. ರಿಮೋಟಿನ ಸಂಕೇತ ಇದ್ದಕ್ಕಿದ್ದಂತೆ ನಿಂತುಹೋದರೆ ಆ ಪೆಟ್ಟಿಗೆ ತಾನು ಕಲಿತದ್ದನ್ನು ಮಾಡಬೇಕು, ಅಂದರೆ ಬ್ರೇಕು ಹಿಡಿಯಬೇಕು. ಅಂಗಡಿಯವರು ಅದಕ್ಕೆ ಫೇಲ್‌ಸೇಫ್ ಅನ್ನುತ್ತಾರೆ. ಇವರ ಮನೆಯಲ್ಲಿ ಅಪ್ಪ ಇಟ್ಟ ಹೆಸರು ಕೊನೇ ಮಾತು. 'ಕೊನೇ ಮಾತು ಹೇಳಿದ್ಯೇನೋ ಅದಕ್ಕೆ?' ಎಂದು ಅಪ್ಪ ಕೇಳಿದರೆ ಕಲಿಸಿ ಆಯಿತೇ ಎಂದರ್ಥ. ಕಲಿಸುವುದೇನೂ ದೊಡ್ಡ ವಿದ್ಯೆಯಲ್ಲ. ಎಳೆದರೆ ಪೆಟ್ರೋಲು ತಳ್ಳಿದರೆ ಬ್ರೇಕು ಆಗುವ ರಿಮೋಟಿನ ಕೊಕ್ಕೆಯನ್ನು ಬ್ರೇಕಿನ ಕಡೆಗೆ ತಳ್ಳಿ ಹಿಡಿದು ಪೆಟ್ಟಿಗೆಯ ಗುಂಡಿ ಒತ್ತಿದರೆ, ಕೆಂಪು ದೀಪ ಮಿನುಗಿ, ಅಲ್ಲಿಗೆ ಕಲಿತಂತೆ. ಬೇರೆಯವರು ಇದನ್ನು ಎಲ್ಲ ಜೋಡಿಸಿ ಆದಮೇಲೆ ಮಾಡುತ್ತಾರೆ. ಅವನು ಹಾಗಲ್ಲ, ಎಲ್ಲಿ ಮರೆತುಬಿಡುತ್ತೇನೋ ಎಂದು ಎಲ್ಲಕ್ಕಿಂತ ಮೊದಲೇ ಕಲಿಸಿಬಿಡುತ್ತಾನೆ. ಆಮೇಲೆ ಕೊನೆಯಲ್ಲಿ ಚಕ್ರ ನೆಲ ಬಿಟ್ಟಿರುವಂತೆ ಕಾರನ್ನು ಎತ್ತಿಟ್ಟು, ರಿಮೋಟು ಆರಿಸಿ, ಬ್ರೇಕು ಬೀಳುತ್ತದೋ ಇಲ್ಲವೋ ನೋಡುತ್ತಾನೆ. ನೋಡಿದ ಮೇಲೆ ಇನ್ನೊಂದು ಸಲ ನೋಡುತ್ತಾನೆ. ಇವತ್ತು ಬೆಳಿಗ್ಗೆ ಕಲಿಸುವುದು ಆಗಿತ್ತು. ಕೊನೆಗೆ ನೋಡುವುದು ಆಗಿರಲಿಲ್ಲ.

ಆಗಬೇಕಿತ್ತು. ಹಳೆಯ ಸರ್ವೋ ಮೋಟರು ಗೊರಗೊರ ಎನ್ನುತ್ತಿತ್ತೆಂದು ಹೊಸದನ್ನು ಹಾಕಿದ್ದ. ಬೆರಳುದ್ದದ ತೋಳೊಂದು ಆ ಮೋಟರಿಗಿದೆ. ತೋಳು ಆ ಕಡೆ ತಿರುಗಿದರೆ ಪೆಟ್ರೋಲು, ಈ ಕಡೆ ತಿರುಗಿದರೆ ಬ್ರೇಕು. ಎಂಜಿನ್ನಿಗೂ ಬ್ರೇಕಿಗೂ ಹೋಗುವ ಸರಳುಗಳನ್ನು ಆ ತೋಳಿಗೆ ಸಿಕ್ಕಿಸುತ್ತಿದ್ದಂತೆಯೇ ತಮ್ಮ ಒಳಗೆ ಬಂದ. ರೇಸಿನಲ್ಲಿ ಓಡಿಸುವವನು ತಮ್ಮ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಬಂದವನೇ ರಿಮೋಟು ಎತ್ತಿಕೊಂಡು ಕೊಕ್ಕೆ ಎಳೆದ. ಪೆಟ್ರೋಲು ತೆರೆಯುವ ಬದಲು ಬ್ರೇಕು ಬಿತ್ತು. 'ಇದೇನೋ, ಉಲ್ಟಾ ತಿರುಗ್ತಿದೆ?' ಎಂದ. ಹೊಸ ಮೋಟರು ಹಳೆಯದಕ್ಕೆ ತದ್ವಿರುದ್ಧ ತಿರುಗುವ ಜಾತಿಯದ್ದಿರಬೇಕು. ಅದಕ್ಕೇನಂತೆ, ರಿಮೋಟಿನಲ್ಲೇ ದಿಕ್ಕು ಬದಲಿಸುವ ಸ್ವಿಚ್ಚಿದೆ, ತಮ್ಮ ಉಗುರಿನಿಂದ ಅದನ್ನು ಆಚೆ ಸರಿಸಿದ, ಕೊಕ್ಕೆ ಎಳೆದ, ಪೆಟ್ರೋಲು, ತಳ್ಳಿದ, ಬ್ರೇಕು. ಸರಿಹೋಯ್ತು ನಡಿ ಎಂದ. ಬಾಗಿಲಲ್ಲಿ ಅಪ್ಪ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಆಗಲೇ ತಯಾರಾಗಿ ನಿಂತಿದ್ದರು, ಅವರ ಹಿಂದೆ, ಕೊಟ್ಟು ಕಳಿಸಲು ಫ್ಲಾಸ್ಕು ಹಿಡಿದು ಇವನ ಹೆಂಡತಿ. ಅವನು ಬಾಯಿ ತೆರೆದ, ಇನ್ನೊಂದು ಸಲ ನೋಡಿಬಿಡೋಣ ಅನ್ನಲು. ಇನ್ನೂ ಮೊದಲ ಅಕ್ಷರ ಹೊರಬಂದಿತ್ತೋ ಇಲ್ಲವೋ, ಮೂವರೂ ಒಟ್ಟಿಗೆ, 'ಇನ್ನೊಂದ್ಸಲ!' ಎಂದು ಕೂಗಿ ನಕ್ಕುಬಿಟ್ಟರು. ಹೆಂಡತಿ ನಕ್ಕದ್ದು ಅವನಿಗೆ ಹೆಚ್ಚು ನಾಟಿತು. ಅವನೂ ನಕ್ಕ. ನಗದೆ ಏನು ಮಾಡಬೇಕಿತ್ತು? ರಿಮೋಟು ಆರಿಸಿ ತೋಳು ಯಾವ ಕಡೆ ಹೋಗುತ್ತದೆ ಎಂದು ನೋಡಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಿತ್ತು. ಆ ಹೊತ್ತಿನಲ್ಲಿ ಅವನು ನಗುತ್ತಿದ್ದ.

ವ್ಯಾನಿನ ಹಿಂದಿನ ಸೀಟಿನಲ್ಲಿ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪೆಟ್ರೋಲು ಮತ್ತು ಎಣ್ಣೆ ಬೆರೆತ ವಾಸನೆ ಮೂಗಿಗೆ ಅಡರುತ್ತಿತ್ತು. ಮುಂದೆ ವ್ಯಾನು ಓಡಿಸುತ್ತ ತಮ್ಮ, ಅವನ ಪಕ್ಕದಲ್ಲಿ ಬಲಗಿವಿಯನ್ನು ಅವನತ್ತ ತಿರುಗಿಸಿ ಅಪ್ಪ, ಇಬ್ಬರೂ ರೈಲಿನ ಕಥೆ ಹೇಳಿಕೊಂಡು ನಗುತ್ತಿದ್ದರು. ಆ ಕಥೆ ಅವನಿಗೆ ಬಾಯಿಪಾಠ. ಮದುವೆಯಾದ ಹೊಸತರಲ್ಲಿ ಮನೆಮಂದಿಯೆಲ್ಲ ಊರಿಗೆ ಹೊರಟಿದ್ದು, ಸ್ಟೇಷನ್ನು ತಲುಪಿದ ಮೇಲೆ ಅವನು ಗ್ಯಾಸಿನ ನಲ್ಲಿ ಮುಚ್ಚಿದ್ದೇನೋ ಇಲ್ಲವೋ ನೋಡಿ ಬರುತ್ತೇನೆಂದು ಆಟೋ ಹತ್ತಿ ವಾಪಸ್ಸು ಹೋಗಿದ್ದು, ನಲ್ಲಿ ಮುಚ್ಚಿತ್ತು, ಬೀಗ ಹಾಕಿ ಬೀದಿಯ ತುದಿಗೆ ಬಂದವನು ಬೀಗ ಸರಿಯಾಗಿ ಬಿದ್ದಿದೆಯೋ ಎಂದು ಮತ್ತೆ ತಿರುಗಿದ್ದು, ರೈಲು ಇವರನ್ನೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು ಹೋಗಿದ್ದು. ಅವತ್ತೇ ಅಪ್ಪ ಅವನಿಗೆ ಇನ್ನೊಂದ್ಸಲ ಎಂದು ಹೆಸರಿಟ್ಟದ್ದು. ಮನೆಯಿಂದ ಅದು ನೆಂಟರಿಗೆ, ನೆಂಟರಿಂದ ಡಾಕ್ಟರುಗಳಿಗೆ, ಅಲ್ಲಿಂದ ರೇಸಿನ ಮೈದಾನಕ್ಕೂ ಹರಡಿ ಈಗ ಅವನ ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇದ್ದಂತಿಲ್ಲ. ಹೇಳುವವರೆಲ್ಲ ನಲ್ಲಿ ಮುಚ್ಚಿತ್ತು ಎನ್ನುವಲ್ಲಿಗೆ ಬಂದಾಗ ಸ್ವಲ್ಪ ನಿಲ್ಲಿಸಿ, ಕೇಳುವವರ ಮುಖ ನೋಡಿ, ಆಮೇಲೆ ನಗುತ್ತಿದ್ದರು. ಯಾವಾಗಲೂ ಮುಚ್ಚಿರುತ್ತಿತ್ತು, ಅದೇ ಅವನ ದುರದೃಷ್ಟ. ಒಂದೇ ಒಂದು ಸಲ, ತಾನು ಹೋಗಿ ನೋಡಿದಾಗ ನಲ್ಲಿ ತೆರೆದಿದ್ದಿದ್ದರೆ ತನ್ನ ಮಾನ ಉಳಿಯುತ್ತಿತ್ತು ಎಂದು ಅವನು ಎಷ್ಟೋ ಸಲ ಆಸೆಪಟ್ಟಿದ್ದ. ಗ್ಯಾಸು ಸೋರುತ್ತಿರಲಿ ಎಂದು ಆಸೆಪಟ್ಟಂತಾಯಿತಲ್ಲ ಎಂದು ಹೊಳೆದು ಆಮೇಲೆ ಅದಕ್ಕೂ ಹೆದರಿದ್ದ.

ಅಪ್ಪನ ಎಡಗಿವಿ ಕೇಳುವುದಿಲ್ಲ. ಬಸ್ಸು ಓಡಿಸುತ್ತಿದ್ದವರು, ಎಡಮಗ್ಗುಲಿಗೇ ಎಂಜಿನ್ನಿನ ಡಬ್ಬ ಇಟ್ಟ ಹಳೆಯ ಬಸ್ಸುಗಳು ಆ ಕಿವಿಯನ್ನು ತಿಂದುಹಾಕಿದ್ದವು. ಈಗ ಮನೆಯಲ್ಲಿ ಅವರಿಗೆ ಮಾಡಲು ಏನೂ ಇಲ್ಲ. ರೇಸಿನ ಮೈದಾನದಲ್ಲಿ ಇದೆ. ಪ್ರತಿ ತಂಡವೂ ಒಬ್ಬರನ್ನು ತಿರುವಿಗೆ ಕೊಡಬೇಕೆಂಬುದು ಅಲ್ಲಿನ ನಿಯಮ. ಅವರು ಕಿತ್ತಳೆ ಜಾಕೀಟು ಹಾಕಿಕೊಂಡು ತಿರುವಿನಲ್ಲಿ ನಿಂತು, ಮಗುಚಿದ ಕಾರುಗಳನ್ನು ಎತ್ತಿ ನೆಟ್ಟಗೆ ಮಾಡಬೇಕು. ಅಪ್ಪ ನೇರ ದಾರಿಯ ತುದಿಯ ತಿರುವನ್ನೇ ಕೇಳಿ ತೆಗೆದುಕೊಂಡಿದ್ದರು. ಅಲ್ಲಿ ಎಲ್ಲರಿಗೂ ಕಾಣುತ್ತಾರೆ. ಅಲ್ಲಿ ನಿಂತರೆ ಕಾರುಗಳು ಬರುವುದು ಎಡಗಡೆಯಿಂದ. ಬ್ರೇಕು ಹಿಡಿದವು ತಿರುಗುತ್ತವೆ. ಹಿಡಿಯದ್ದು ನೆಟ್ಟಗೆ ಬಂದರೆ ಎದುರಿಗಿರುವುದು ಅಪ್ಪನ ಎರಡು ಮೊಣಕಾಲು. ಅದೂ ಸಾಲದೆಂಬಂತೆ ಪಕ್ಕದಲ್ಲೇ ತಗಡಿನ ದೊಡ್ಡ ಶೆಡ್ಡು. ಶೆಡ್ಡಿನ ನೆರಳಿಗೆ ಬಂದಾಗ ಕಾರುಗಳಿಗೆ ಸಂಕೇತ ಸಿಕ್ಕದೆ ಹೋಗುವುದುಂಟು ಎಂದು ಎಲ್ಲರೂ ಹೇಳುತ್ತಿದ್ದರು, ಹೇಳಿ ಚಹಾ ಕುಡಿಯುತ್ತಿದ್ದರು. ಅವನು ಮುಂದಕ್ಕೆ ಬಾಗಿ, 'ಅಪ್ಪ, ಇವತ್ತು ಬೇರೆ ತಿರುವಲ್ಲಿ ನಿಂತ್ಕೊಳ್ತೀರಾ?' ಎಂದ. ಅಪ್ಪ ಕಿಟಕಿಯ ಆಚೆ ನೋಡುತ್ತಲೇ ಇದ್ದರು. ಎಡಗಿವಿಗೆ ಹೇಳಿದ್ದೇನೆ ಎಂದು ಅವನಿಗೆ ತಿಳಿಯಿತು. ತಿಳಿದೇ ಆ ಕಿವಿಯ ಕಡೆ ಬಾಗಿದ್ದೆನೋ ಏನೋ ಎಂದೂ ಅನ್ನಿಸಿತು. ಬಲಗಿವಿಗೆ ಹೇಳಬೇಕಾದರೆ ತಮ್ಮನಿಗೂ ಕೇಳುತ್ತದೆ, ತಮ್ಮ ಯಾಕೆ ಅನ್ನುತ್ತಾನೆ, ಯಾಕೆ ಎನ್ನುವುದಕ್ಕೆ ಅವನ ಹತ್ತಿರ ಇದ್ದದ್ದು ಆ ಹಾಳು ಪದವೊಂದೇ. ಹೇಳಿದೆನಲ್ಲ ಎಂದು ಸಮಾಧಾನ ಮಾಡಿಕೊಂಡು ಹಿಂದಕ್ಕೆ ಒರಗಿದ. ಸಮಾಧಾನ ಆಗಲಿಲ್ಲ.

ಮೈದಾನದಲ್ಲಿ ತಪಾಸಣೆಯ ಮೇಜಿನ ಮುಂದೆ ಸಾಲಿತ್ತು. ಅವನಿಗೆ ಜೀವ ಬಂದಂತಾಯಿತು. ತಾನು ಬಾಯಿ ಬಿಡಬೇಕಾಗಿಯೇ ಇಲ್ಲ. ತಪಾಸಣೆಯವನು ಎಲ್ಲರ ಕಾರನ್ನೂ ನೋಡಿದಂತೆ ಇದನ್ನೂ ನೋಡುತ್ತಾನೆ, ತೂಕ, ಟ್ಯಾಂಕು, ಬಂಪರು, ಕೊನೆಗೆ ರಿಮೋಟು ಆರಿಸಿ ಬ್ರೇಕು. ಮುಂದಿನವರದ್ದೆಲ್ಲ ಹಾಗೆಯೇ ಆಗುತ್ತಿತ್ತು. ಚಕ್ರಗಳು ಸುತ್ತುತ್ತಿದ್ದವು, ರಿಮೋಟು ಆರುತ್ತಿತ್ತು, ಚಕ್ರಗಳು ಗಕ್ಕನೆ ನಿಲ್ಲುತ್ತಿದ್ದವು. ತಪಾಸಣೆಯವನು ಟೈರಿನಂಗಡಿ ಇಟ್ಟವನು, ದಪ್ಪ ಮೀಸೆ, ದೊಡ್ಡ ದನಿ. ಇವರ ಸರದಿ ಬಂದಾಗ ಕಾರನ್ನು ನೋಡದೆ ಇವನ ಮುಖ ನೋಡಿದ. 'ಓಹೋ, ಇನ್ನೊಂದ್ಸಲದವರು! ನೀವು ನೋಡಿದ್ಮೇಲೆ ನಾನೇನ್ರಿ ನೋಡೋದು?' ಎಂದು ಹೇಳಿ, ಪಾಸಾಯಿತೆನ್ನುವ ಹಸಿರು ಚೀಟಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಕಾರಿನ ಮೂತಿಗೆ ಅಂಟಿಸಿಬಿಟ್ಟ. ಹಿಂದಿನವರು ನಕ್ಕರು. ತಮ್ಮ ಹೆಮ್ಮೆಯಿಂದ ಅಣ್ಣನ ಬೆನ್ನು ತಟ್ಟಿದ, ಅದು ನಿಜವಾದ ಹೆಮ್ಮೆ, ಅದರಲ್ಲಿ ಅಣಕ ಇರಲಿಲ್ಲ. ಇಲ್ಲ, ನೋಡಿಲ್ಲ, ಇವತ್ತು ನಾನು ನೋಡಿಲ್ಲ ಎಂದು ಹೇಳುವುದು ಎಷ್ಟು ಸುಲಭ! ಒಂದು ಗುಟುಕು ನೀರು ಕುಡಿದಷ್ಟು. ಹೇಳಿದ್ದರೆ ಆ ಮೀಸೆಯವನು ಏನೂ ಅನ್ನುತ್ತಿರಲಿಲ್ಲ, ರಿಮೋಟು ಆರಿಸಿ ನೋಡುತ್ತಿದ್ದ, ಅಷ್ಟೆ. ಆದರೆ ಅವನು ಜೀವಮಾನವಿಡೀ ಕೇಳದಿದ್ದ ಒಂದು ಮಾತನ್ನು ಈಗಷ್ಟೇ ಕೇಳಿದ್ದ. ನೀವು ನೋಡಿದ ಮೇಲೆ. ಹೌದೆನ್ನುವಂತೆ ತಲೆ ಆಡಿಸಿ ಕಾರನ್ನು ಎತ್ತಿಕೊಂಡ. ತಲೆ ಆಡಿಸಿದ್ದು ತಾನೇ ಎಂದು ಅವನಿಗೆ ನಂಬಲು ಆಗಲಿಲ್ಲ.

ಎಂಜಿನ್ನು ಬಿಸಿ ಮಾಡಲು ಕೆಲವು ಸುತ್ತು ಬಿಟ್ಟರು. ಅಪ್ಪ ತಾವು ಕೇಳಿ ಪಡೆದ ತಿರುವಿಗೆ ಹೋಗಿ ನಿಂತು ಕೈ ಎತ್ತಿದರು. ಕಾರು ಚೆನ್ನಾಗಿ ಓಡಿತು, ಅದೇ ಕಷ್ಟ. ನೇರ ದಾರಿಯಲ್ಲಿ ಎಂಜಿನ್ನಿನ ಕೂಗು ಸಣ್ಣದಾಗಿ ಮೇಲಕ್ಕೇರಿ, ತಿರುವಿನ ಹತ್ತಿರ ತಮ್ಮ ಕೊಕ್ಕೆ ತಳ್ಳುತ್ತಲೂ ಮೂತಿ ತಗ್ಗಿಸಿ, ಬಾಲ ಆಡಿಸಿಕೊಂಡು ತಿರುಗಿತು. ಅವನು ಬೇಲಿ ಹಿಡಿದು ನಿಂತಿದ್ದ. ನೋಡು, ಬ್ರೇಕು ಸರಿಯಾಗಿಯೇ ಇದೆ, ಎಂದು ಒಬ್ಬ ಹೇಳಿದ, ಸಂಕೇತ ಇದ್ದಾಗ ಸರಿಯಿದ್ದರೆ ಏನು ಬಂತು ಎಂದು ಇನ್ನೊಬ್ಬ ಕೇಳಿದ, ಇಬ್ಬರೂ ಅವನೇ. ತಮ್ಮನ ಹತ್ತಿರ ಹೋಗಿ ಒಂದು ನಿಮಿಷ ರಿಮೋಟು ಕೊಡು ಎಂದ. ತಮ್ಮ ಪಕ್ಕದ ತಂಡದವರ ಜೊತೆ ಮಾತಾಡುತ್ತಿದ್ದವನು, ಯಾಕೆ ಎಂದ. ಪಕ್ಕದ ತಂಡದವರೂ ಯಾಕೆ ಎನ್ನುವಂತೆ ನೋಡಿದರು. ಅವನು, ಏನಿಲ್ಲ, ಧೂಳು ಒರೆಸೋಣ ಅಂತ, ಎಂದ. ತಮ್ಮ ತನ್ನ ಅಂಗಿಯ ತುದಿಯಿಂದಲೇ ಒರೆಸಿಕೊಂಡ. ಅಪ್ಪನಿಗೆ ಅವನೇ ಮಾಡಿಕೊಟ್ಟಿದ್ದ ಕಟ್ಟುಹಲ್ಲಿನ ನೆನಪು ಸುಮ್ಮನೆ ಬಂತು. ಹದಿನೈದು ಸಲ ಉಜ್ಜಿ, ಕಚ್ಚಿಸಿ, ಮತ್ತೆ ಉಜ್ಜಿ ಕೊಟ್ಟಿದ್ದು. ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ಬಂದವರ ಮುಂದೆ ತೆಗೆದು ತೋರಿಸಿ, ನನ್ನ ದೊಡ್ಡ ಮಗ ಮಾಡಿದ್ದು, ಬಹಳ ಗಟ್ಟಿ, ಇದನ್ನ ಹಾಕ್ಕೊಂಡು ಊಟ ಮಾಡೋದಕ್ಕೊಂದೇ ಆಗೋದಿಲ್ಲ, ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಅವನೂ ಹಲ್ಲು ಕಿರಿಯುತ್ತಾನೆ. ರಾತ್ರಿ ಅವರು ಮಲಗಿದ ಮೇಲೆ ಆ ಹಲ್ಲನ್ನು ಲೋಟದಿಂದ ತೆಗೆದು ಬೆಳಕಿಗೆ ಹಿಡಿದು ಎಲ್ಲಿ ತಪ್ಪಿದೆ ಎಂದು ಹುಡುಕಿದ್ದುಂಟು, ತಪ್ಪು ಸಿಕ್ಕಿರಲಿಲ್ಲ.

ಆಗ ಅದು ಅವನ ಕಣ್ಣೆದುರೇ ಆಯಿತು. ಬೇರೊಂದು ತಂಡದ ಹಳದಿ ಕಾರು ನೇರ ದಾರಿಯಲ್ಲಿ ಬಂದು, ತಗಡಿನ ಶೆಡ್ಡಿನ ಪಕ್ಕಕ್ಕೆ ತಲುಪುತ್ತಲೇ ಯಾರೋ ಕಾಲು ಹಿಡಿದೆಳೆದಂತೆ ಕರಕರ ಎಂದು ಉಜ್ಜಿಕೊಂಡು ನಿಂತುಬಿಟ್ಟಿತು. ಅಟ್ಟಣಿಗೆಯ ಮೇಲಿದ್ದವನು ಸಿಗ್ನಲ್ ಹೋಯ್ತು ಎಂದು ಕೂಗಿದ. ಯಾರಿಗೂ ಏನೂ ಅನ್ನಿಸಲಿಲ್ಲ. ಹಳದಿ ಕಾರು ತನ್ನ ಕೊನೇ ಮಾತನ್ನು ಕೇಳಿ ನಿಂತಿತ್ತು. ನಿಂತದ್ದು ಅಪ್ಪನಿಂದ ಒಂದು ಮಂಚದಷ್ಟು ದೂರದಲ್ಲಿ. ಅಪ್ಪ ಅದು ಬಂದದ್ದನ್ನೂ ನೋಡಿರಲಿಲ್ಲ, ನಿಂತದ್ದನ್ನೂ ಕೇಳಿರಲಿಲ್ಲ. ಬೇರೆ ಯಾರೋ ಕೈಮಾಡಿ ತೋರಿಸಿದ ಮೇಲೆ ತಿರುಗಿ, ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ, ಅದರ ಬೆನ್ನ ಮೇಲಿನ ಕೆಂಪು ಗುಂಡಿ ಒತ್ತಿ ಎಂಜಿನ್ನು ಆರಿಸಿ, ಎತ್ತಿ ಹೊರಗಿಟ್ಟು, ಬೆನ್ನು ನೀವಿಕೊಂಡರು. ಆ ಜಾಕೀಟಿನಲ್ಲಿ ಅವರು ತುಂಬ ಸಣ್ಣಗೆ ಕಾಣಿಸಿದರು. ತನ್ನ ಕಾರು ಅಲ್ಲಿ ಸಂಕೇತ ಕಳೆದುಕೊಂಡಿದ್ದರೆ? ಏನಾಗುತ್ತಿತ್ತು, ನಿಲ್ಲುತ್ತಿತ್ತು, ಬೆಳಿಗ್ಗೆ ನಾನೇ ಕಲಿಸಿಲ್ಲವೇ, ಕೆಂಪು ದೀಪ ಮಿನುಗಿದ್ದನ್ನು ಈ ಎರಡು ಕಣ್ಣಿನಿಂದ ನೋಡಿಲ್ಲವೇ, ಎಂದು ತನಗೆ ತಾನೇ ಗದರಿಕೊಂಡ.

ಸಾಲಿನಲ್ಲಿ ನಿಲ್ಲಿಸಿ ಎಂದು ಮೈಕಿನವನು ಕೂಗಿದ. ಓಡಿಸುವವರೆಲ್ಲ ರಿಮೋಟು ಹಿಡಿದು ಅಟ್ಟಣಿಗೆ ಹತ್ತಿದರು. ಅವನು ಕಾರನ್ನು ಬಿಳಿ ಗೆರೆಯ ಹಿಂದಿಟ್ಟು, ಹಗ್ಗ ಎಳೆದು ಎಂಜಿನ್ನು ಹಚ್ಚಿ, ಮಂಡಿಯೂರಿ ಕೂತು ಅದರ ಬೆನ್ನಿನ ಕಂಬಿ ಹಿಡಿದುಕೊಂಡ. ಅಂಗೈಯಲ್ಲಿ ಕಾರು ಜ್ವರ ಬಂದವರ ಮೈ ಹಾಗೆ ನಡುಗುತ್ತಿತ್ತು. ಬೆಳಿಗ್ಗೆಯನ್ನು ಮೊದಲಿನಿಂದ ನೆನಪು ಮಾಡಿಕೊಳ್ಳೋಣ ಎಂದುಕೊಂಡ. ಎದ್ದೆ. ಕೋಣೆಗೆ ಹೋದೆ. ಹೊಸ ಮೋಟರು ಕೂರಿಸಿದೆ. ಸರಳು ಸಿಕ್ಕಿಸುವ ಮೊದಲೇ ಕೊನೇ ಮಾತು ಕಲಿಸಿದೆ, ಕೊಕ್ಕೆಯನ್ನು ಬ್ರೇಕಿಗೆ ತಳ್ಳಿ ಹಿಡಿದು. ತೋಳು ಒಂದು ಕಡೆ ತಿರುಗಿ ನಿಂತಿತು, ಪೆಟ್ಟಿಗೆ ಅದನ್ನೇ ಕಲಿಯಿತು. ಆಮೇಲೆ ಸರಳು. ಆಮೇಲೆ ತಮ್ಮ ಬಂದ. ಉಲ್ಟಾ ತಿರುಗ್ತಿದೆ ಎಂದ. ಉಲ್ಟಾ. ತಾನು ಕಲಿಸುವಾಗಲೂ ಅದು ಉಲ್ಟಾನೇ ತಿರುಗಿದ್ದು! ಸರಳಿರಲಿಲ್ಲವಾಗಿ ಗೊತ್ತಾಗಲಿಲ್ಲ. ತಾನು ಬ್ರೇಕು ಅಂದುಕೊಂಡು ಕಲಿಸಿದ ಕಡೆ ಪೆಟ್ರೋಲಿತ್ತು. ತಮ್ಮ ಆಮೇಲೆ ಸ್ವಿಚ್ಚು ತಿರುಗಿಸಿ ರಿಮೋಟನ್ನು ಸರಿಮಾಡಿದ. ಪೆಟ್ಟಿಗೆ ಕಲಿತದ್ದನ್ನು ಯಾರೂ ಸರಿಮಾಡಲಿಲ್ಲ. ಸಂಕೇತ ಹೋದರೆ ಇದು ನಿಲ್ಲುವುದಿಲ್ಲ. ಮೈಯಲ್ಲಿರುವ ಶಕ್ತಿಯನ್ನೆಲ್ಲ ಬಿಟ್ಟು ಓಡುತ್ತದೆ. ಎಲ್ಲರ ಹಾಗೆ ಕೊನೆಯಲ್ಲಿ ಕಲಿಸಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಹೆದರಿ ಹೆದರಿ ಮೊದಲೇ ಕಲಿಸಿದ್ದರಿಂದ ಆಯಿತು. ನೇರ ದಾರಿಯ ತುದಿಯಲ್ಲಿ ಕಿತ್ತಳೆ ಚುಕ್ಕೆಯೊಂದು ಕಾಣುತ್ತಿತ್ತು.

ಆದರೂ ಅವನಿಗೆ ಬಾಯಿ ಬರಲಿಲ್ಲ. ಇದನ್ನು ಅವನು ಆಮೇಲೆ ಮರೆಯಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ: ಎಲ್ಲ ಗೊತ್ತಾದ ಮೇಲೂ, ಅಪ್ಪ ಅಲ್ಲಿ ನಿಂತಿರುವುದು ಕಾಣುತ್ತಿದ್ದಾಗಲೂ, ಅವನು ಕಾದ. ಸಿಗ್ನಲ್ ಹೋಗದೇ ಇರಬಹುದು. ಈ ಒಂದು ಆಟ ಮುಗಿಯಲಿ, ಆಮೇಲೆ ಸದ್ದಿಲ್ಲದೆ ಸರಿಮಾಡಿಬಿಡುತ್ತೇನೆ. ಅಥವಾ ನನ್ನ ಲೆಕ್ಕವೇ ತಪ್ಪಿರಬಹುದು, ನಲ್ಲಿ ಯಾವಾಗಲೂ ಮುಚ್ಚಿರುತ್ತದಲ್ಲ. ಕಾರಿಗಿಂತ ಅವನಿಗೆ ನಗುವಿನ ಹೆದರಿಕೆಯೇ ದೊಡ್ಡದಾಗಿತ್ತು. ಮೈಕಿನವನು ಎಣಿಸಲು ತೊಡಗಿದ. ಅವನ ಕೈ ತಾನಾಗಿಯೇ ಮೇಲೆದ್ದಿತು, ಶಾಲೆಯಲ್ಲಿ ಹೊರಗೆ ಹೋಗಲು ಅಪ್ಪಣೆ ಕೇಳುವವರದ್ದು ಏಳುವ ಹಾಗೆ. ಎಣಿಕೆ ನಿಂತಿತು. ಮೈಕಿನವನು ಯಾರೆಂದು ನೋಡಿದ. ಸ್ಪೀಕರುಗಳಲ್ಲಿ ಒಂದು ನಿಟ್ಟುಸಿರು ಕೇಳಿಸಿತು, ಆಮೇಲೆ ಇಡೀ ಮೈದಾನಕ್ಕೆ, 'ಇನ್ನೊಂದ್ಸಲ ಅಂತೆ!' ಎಂದು ಅವನು ಸಾರಿದ. ಬೇಲಿಯ ಉದ್ದಕ್ಕೂ ಬಹಳ ಹೊತ್ತು ನಗು ಹರಿದಾಡಿತು. ಸಾಲಿನಲ್ಲಿ ಪಕ್ಕದಲ್ಲಿ ಮಂಡಿಯೂರಿದ್ದವನು ಬೆರಳಿನಿಂದ ಕಣ್ಣು ಒರೆಸಿಕೊಂಡ. ಅಟ್ಟಣಿಗೆಯ ಮೇಲೆ ತಮ್ಮನ ಮುಖ ಕೆಂಪಾಗಿತ್ತು.

'ಏನಾಗ್ಬೇಕು ನಿಂಗೆ?' ಎಂದು ಮೇಲಿನಿಂದ ಕೇಳಿದ.

'ರಿಮೋಟು ಆರಿಸ್ಬೇಕು. ಆದ್ರೆ ಈಗಲ್ಲ, ತಡಿ, ಮೊದ್ಲು ಎಂಜಿನ್ನು...'

ಅವನ ದನಿ ಎಂಜಿನ್ನುಗಳ ಗದ್ದಲದಲ್ಲಿ ಎಲ್ಲಿಯವರೆಗೆ ಹೋಯಿತೋ. ಕೆಂಪು ಗುಂಡಿ ಒತ್ತಿ ಎಂಜಿನ್ನು ಆರಿಸಲು ಅವನು ಕೈ ಚಾಚಿದ, ಆಗಲೇ ಎದುರಿಗೆ ಎರಡು ಕಾಲುಗಳು ಬಂದು ನಿಂತವು. ರೇಸು ಯಾಕೆ ನಿಂತಿತೆಂದು ನೋಡಲು ಅಪ್ಪ ಎಣಿಕೆ ನಿಂತಾಗಲೇ ತಿರುವು ಬಿಟ್ಟು ಹಾದಿಯ ನಡುವೆಯೇ ನಡೆದು ಬಂದಿದ್ದರು. ಕಾರಿನ ಮೂತಿಗೂ ಅವರ ಮೊಣಕಾಲಿಗೂ ನಡುವೆ ಒಂದು ಚಾಪೆ ಹಾಸುವಷ್ಟೂ ಜಾಗವಿರಲಿಲ್ಲ. ಕಿವಿಯ ಹಿಂದೆ ಕೈಯಿಟ್ಟುಕೊಂಡು ಬಗ್ಗಿ, ಏನಂತೆ ಎಂದು ಕೇಳುತ್ತಿದ್ದರು. ಅಪ್ಪನ ಭುಜದ ಮೇಲಿನಿಂದ ಅವನಿಗೆ ತಮ್ಮನ ಕೈ ಕಂಡಿತು. ತಮ್ಮ ರಿಮೋಟನ್ನು ಎಲ್ಲರಿಗೂ ಕಾಣುವಂತೆ ತಲೆಯ ಮೇಲೆತ್ತಿ, ಹೆಬ್ಬೆರಳನ್ನು ಅದನ್ನು ಆರಿಸುವ ಸ್ವಿಚ್ಚಿನ ಮೇಲಿಟ್ಟು, 'ನೋಡ್ಕೋ ಹಂಗಾದ್ರೆ!' ಎಂದು ಕೂಗಿದ.

ಗುಂಡಿಗೆ ಹೊತ್ತಿರಲಿಲ್ಲ. ಅವನು ಎರಡೂ ತೋಳಿನಿಂದ ಕಾರನ್ನು ಬಾಚಿ ಎದೆಗೆ ಅವಚಿಕೊಂಡು ಮೇಲಕ್ಕೆತ್ತಿದ. ಅದೇ ಹೊತ್ತಿಗೆ ಅದು ಕಿರುಚಿತು. ಎಂಜಿನ್ನು ಅಂಥ ದನಿ ಮಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ನೆಲದ ಭಾರ ಇಲ್ಲದೆ ಅದರ ಕೂಗು ಏರುತ್ತಲೇ ಹೋಯಿತು. ಹಿಂದಿನ ಟೈರುಗಳು ಸುತ್ತುವ ರಭಸಕ್ಕೆ ಊದಿ ದೊಡ್ಡದಾಗಿ ಅವನ ಅಂಗಿಯನ್ನು ಕಚ್ಚಿ ಎಳೆದು ಹರಿದವು, ಹೊಟ್ಟೆಯ ಚರ್ಮ ಉರಿಯಿತು, ಬಿಸಿ ಹೊಗೆಕೊಳವೆ ಮುಂಗೈಗೆ ತಾಗಿತು. ಬಿಡಲು ಆಗದು, ಬಿಟ್ಟರೆ ಅಪ್ಪ. ಗುಂಡಿ ಒತ್ತಲು ಕೈ ಇಲ್ಲ, ಕೈ ಎರಡೂ ಹಿಡಿದುಕೊಂಡಿವೆ. ಅಟ್ಟಣಿಗೆಯ ಮೇಲೆ ತಮ್ಮ ರಿಮೋಟನ್ನು ಮತ್ತೆ ಹಚ್ಚಲು ತಡಕಾಡುತ್ತಿದ್ದ, ಅವನ ಬೆರಳು ಸ್ವಿಚ್ಚಿನಿಂದ ಜಾರುತ್ತಿತ್ತು. ಸುತ್ತ ಎಷ್ಟೊಂದು ಜನ, ಯಾರೂ ಹೆಜ್ಜೆ ಕೀಳಲಿಲ್ಲ. ಅಪ್ಪನೇ ಮುಂದೆ ಬಂದರು. ಅವರು ಮಗನ ಮುಖ ನೋಡಲಿಲ್ಲ. ಸುತ್ತುವ ಚಕ್ರದ ಪಕ್ಕದಿಂದ ಕೈ ತೂರಿಸಿ, ದಿನವೂ ಮಾಡುವ ಕೆಲಸ ಎನ್ನುವ ಹಾಗೆ ಹುಡುಕದೆಯೇ ಆ ಕೆಂಪು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಎಂಜಿನ್ನು ಕೆಮ್ಮಿ ಸತ್ತಿತು. ಚಕ್ರಗಳು ಇನ್ನೂ ಸ್ವಲ್ಪ ಹೊತ್ತು ಸುತ್ತಿ ನಿಂತವು.

ತಮ್ಮ ಇಳಿದು ಬಂದ. ನಾನೇ ಸ್ವಿಚ್ಚು ತಿರುಗಿಸಿದ್ದು, ನಂಗೆ ಹೊಳೀಲೇ ಇಲ್ಲ, ಎಂದ. ಇವನು, ಇಲ್ಲ, ನಾನು ಮೊದಲೇ ಕಲಿಸಿಬಿಟ್ಟಿದ್ದೆ, ಎಂದ. ಇಬ್ಬರೂ ಅದನ್ನೇ ಎರಡೆರಡು ಸಲ ಹೇಳಿಕೊಂಡರು. ಟೈರಿನಂಗಡಿಯವನು ಬಂದು ಕಾರಿನ ಮೂತಿಯ ಮೇಲಿನ ಹಸಿರು ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದ. ಅದು ಪೂರ್ತಿ ಬರಲಿಲ್ಲ. ಯಾರೋ ಮುಲಾಮು ತಂದರು, ಯಾರೋ ಇವನನ್ನು ಕೂರಿಸಲು ಕುರ್ಚಿ ತಂದರು. ಅವನು ಕೂರಲಿಲ್ಲ. ಕಾರನ್ನು ಎತ್ತರದ ಮೇಜಿನ ಮೇಲಿಟ್ಟು, ಕೊಕ್ಕೆಯನ್ನು ಬ್ರೇಕಿಗೆ ತಳ್ಳಿ ಹಿಡಿಯಲು ತಮ್ಮನಿಗೆ ಹೇಳಿ, ಪೆಟ್ಟಿಗೆಯ ಗುಂಡಿ ಒತ್ತಿದ. ಕೆಂಪು ದೀಪ ಮಿನುಗಿತು. ಎಂಜಿನ್ನು ಹಚ್ಚಿ, ಚಕ್ರ ಸುತ್ತಿಸಿ, ರಿಮೋಟು ಆರಿಸಿದರು. ಚಕ್ರಗಳು ಗಕ್ಕನೆ ನಿಂತವು. ನಿಂತವು ಎಂದು ತಮ್ಮ ಹೇಳಿದ. ನಿಂತವು ಎಂದು ತಪಾಸಣೆಯವನೂ ಹೇಳಿದ. ಮೈಕಿನವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದ. ಇಷ್ಟು ವರ್ಷ ಆಸೆಪಟ್ಟ ಮೇಲೆ ಕೊನೆಗೂ ನಲ್ಲಿ ತೆರೆದೇ ಇತ್ತು. ಅವನಿಗೆ ಸಂತೋಷ ಆಗಬೇಕಾಗಿತ್ತು. ಆಗಿದ್ದು ಸಂತೋಷ ಅಲ್ಲ. ಮುಚ್ಚಿತ್ತು ಎಂದುಕೊಂಡು ನಕ್ಕು ಬಿಟ್ಟುಬಂದ ಹಿಂದಿನ ಎಷ್ಟೋ ಬೀಗಗಳು, ನಲ್ಲಿಗಳು, ತಿರುಪುಗಳು ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಮನೆಯಲ್ಲಿ ಹೆಂಡತಿ ಒಬ್ಬಳೇ ಇದ್ದಾಳೆ, ಗ್ಯಾಸಿನ ನಲ್ಲಿ ಮುಚ್ಚಿದೆಯೋ ಏನೋ. ಕಾರನ್ನು ಕೆಳಗಿಳಿಸಲು ಕೈ ಹಾಕಿದ.

ಯಾರೋ ಅವನ ತೋಳು ಹಿಡಿದರು. ಅಪ್ಪ. ಅವರು ಕಾರನ್ನೇ ನೋಡುತ್ತಿದ್ದರು, ಅದರ ಹಿಂದಿನ ಚಕ್ರಗಳನ್ನು, ಅಲ್ಲಿ ಸಿಕ್ಕಿಕೊಂಡಿದ್ದ ಅವನ ಅಂಗಿಯ ಚೂರನ್ನು.

'ಇನ್ನೊಂದ್ಸಲ ನೋಡೋ,' ಎಂದರು.

ಅವನು ಸುತ್ತ ಇದ್ದವರ ಮುಖಗಳನ್ನು ನೋಡಿದ. ಯಾರೂ ನಗಲಿಲ್ಲ. ಒಬ್ಬರಾದರೂ ನಕ್ಕಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಅನ್ನಿಸಿತು.